ದೋಣಿಯ ಫ್ಯಾನು ಬಡಿದಾಗ: ದುರಸ್ತಿ ಎಲ್ಲಿಂದ ಆರಂಭ, ಹೊಸದು ಯಾವ ಲೋಹದ್ದು?

ಜುಲೈ ತಿಂಗಳ ಎರಡನೆಯ ಭಾನುವಾರ ಧರ್ಮಸಭೆಯು ಸಮುದ್ರವನ್ನು ನಂಬಿ ಬದುಕುವವರಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತದೆ. ನಮ್ಮ ಕರಾವಳಿಯಲ್ಲಿ ಆ ಭಾನುವಾರ ಬರುವುದು ಯಾಂತ್ರೀಕೃತ ಬೋಟುಗಳು ದಡ ಸೇರಿರುವ ಹೊತ್ತಿನಲ್ಲಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯವರೆಗಿನ ಇಂಜಿನಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ದೊಡ್ಡ ಬೋಟಿನವರಿಗೆ ಇದು ದುರಸ್ತಿಯ ಕಾಲವಾದರೆ, ನಾಡದೋಣಿಯವರು ಮಳೆಗಾಲದ ಅಲೆಯಲ್ಲೇ ಅಳಿವೆ ದಾಟಬೇಕು. ಅಳಿವೆಯ ಬಾಯಲ್ಲಿ ಫ್ಯಾನು ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚುತ್ತದೆ. ಆದುದರಿಂದ ಈ ವಿಷಯವನ್ನು ಮೆಕ್ಯಾನಿಕ್‌ಗಳಿಗೆ ಬಿಟ್ಟು ಸುಮ್ಮನಿರುವಂತಿಲ್ಲ. ದುರಸ್ತಿಗೆಂದು ಧರ್ಮಕೇಂದ್ರದ ಸ್ವಸಹಾಯ ಸಂಘಕ್ಕೆ ಸಾಲದ ಅರ್ಜಿ ಬಂದಾಗ ಅದನ್ನು ನೋಡುವವರಿಗೂ ಇಷ್ಟು ತಿಳಿದಿದ್ದರೆ ಒಳ್ಳೆಯದು.

ಪ್ರೊಪೆಲ್ಲರಿಗೆ ನಮ್ಮ ಜನ ಫ್ಯಾನು ಎನ್ನುತ್ತಾರೆ, ನಾವೂ ಹಾಗೆಯೇ ಬರೆಯುತ್ತೇವೆ. ಔಟ್‌ಬೋರ್ಡ್ ಇಂಜಿನಿನಲ್ಲಿ ಫ್ಯಾನಿನ ಹಿಂದೆ ಗೇರು ಪೆಟ್ಟಿಗೆ ಇರುತ್ತದೆ. ಬಂಡೆಗೋ ಮರಳು ದಿಬ್ಬಕ್ಕೋ ಫ್ಯಾನು ಬಡಿದರೆ ಗೇರು ಉಳಿಯಲಿ ಎಂದು ತಯಾರಕರು ಒಂದು ಬಲಹೀನ ಕೊಂಡಿಯನ್ನು ಬೇಕೆಂದೇ ಇಟ್ಟಿರುತ್ತಾರೆ. ಹಳೆಯ ಸಣ್ಣ ಇಂಜಿನುಗಳಲ್ಲಿ ಅದು ಮೆತ್ತಗಿನ ಲೋಹದ ಪಿನ್ನು, ಈಚಿನವುಗಳಲ್ಲಿ ಫ್ಯಾನಿನ ನಡುವೆ ಕೂರಿಸಿದ ರಬ್ಬರ್ ಬುಷ್. ಪಿನ್ನು ಮುರಿದಾಗ ಕೈಗೆ ಸಿಕ್ಕಿದ ಉಕ್ಕಿನ ಮೊಳೆ ಹಾಕಿ ಹೊರಡುವವರನ್ನು ನಾವು ಕಂಡಿದ್ದೇವೆ. ಮೊಳೆ ಮುರಿಯುವುದಿಲ್ಲ, ನಿಜ. ಮುಂದಿನ ಸಲ ಮುರಿಯುವುದು ಗೇರು. ಕೆಲವು ರೂಪಾಯಿಯ ಪಿನ್ನು ಉಳಿಸಲು ಹೋಗಿ ಸಾವಿರಗಟ್ಟಲೆ ಸಾಲ!

ರಬ್ಬರ್ ಬುಷ್ ಸವೆದರೆ ಇಂಜಿನ್ ಜೋರಾಗಿ ಅರಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಸಂಶಯವಿದ್ದರೆ ಒಳಗಿನ ಬುಷ್ ಮತ್ತು ಹೊರಗಿನ ಲೋಹ ಎರಡನ್ನೂ ದಾಟುವಂತೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ದೋಣಿ ಓಡಿಸಿ ಬಂದ ಮೇಲೆ ಗೆರೆ ತುಂಡಾಗಿ ಅತ್ತಿತ್ತ ಸರಿದಿದ್ದರೆ ಬುಷ್ ಜಾರುತ್ತಿದೆ ಎಂದರ್ಥ.

ಬಡಿದ ಪೆಟ್ಟಿಗಿಂತ ಹೆಚ್ಚು ಹಾನಿ ಮಾಡುವುದು ಬಲೆಯ ನೈಲಾನ್ ದಾರ. ಅದು ಫ್ಯಾನಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಮೆಲ್ಲನೆ ಕೊಯ್ಯುತ್ತದೆ. ಉಪ್ಪುನೀರು ಒಳಗೆ ಹೋಗುತ್ತದೆ, ಯಾವ ಸದ್ದೂ ಇಲ್ಲ. ಹೀಗಾಗಿ ಆಗಾಗ ಫ್ಯಾನು ಬಿಚ್ಚಿ ದಾರ ತೆಗೆಯಬೇಕು, ಗೇರು ಆಯಿಲನ್ನು ನೋಡಬೇಕು. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ಆಗ ಆಯಿಲ್ ಬದಲಿಸಿದರೆ ಸಾಲದು, ಸೀಲನ್ನೇ ಬದಲಿಸಬೇಕು. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ತುಂಬಿಸಿ, ಮೇಲಿನ ತೂತಿನಿಂದ ಅದು ಹೊರಬಂದ ಮೇಲೆ ಮೊದಲು ಮೇಲಿನದನ್ನು, ಆಮೇಲೆ ಕೆಳಗಿನದನ್ನು ಮುಚ್ಚಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ. ವಾಷರ್ ಪ್ರತಿ ಸಲವೂ ಹೊಸದಿರಲಿ.

ಶಾಫ್ಟ್ ಬಾಗಿದೆಯೇ ಎಂದು ನೋಡಲು ಪ್ಲಗ್ ಬಿಚ್ಚಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಫ್ಯಾನು ತೆಗೆದು, ಶಾಫ್ಟಿನ ತುದಿಯ ಪಕ್ಕ ಒಂದು ಕಡ್ಡಿಯನ್ನು ಅಲುಗದಂತೆ ಕಟ್ಟಿ ಕೈಯಿಂದ ತಿರುಗಿಸಿ. ನಡುವಿನ ಸಂದು ಹೆಚ್ಚು ಕಡಿಮೆಯಾದರೆ ಶಾಫ್ಟ್ ಬಾಗಿದೆ. ಕೆಳಗಿನ ಅಲ್ಯೂಮಿನಿಯಂ ರೆಕ್ಕೆ ಮುರಿದಿದ್ದರೆ ಆರ್ಗನ್ ವೆಲ್ಡಿಂಗ್ ಮಾಡಿಸಬಹುದು. ಆದರೆ ಮೊದಲು ಆಯಿಲ್ ಇಳಿಸಿ, ಶಾಖಕ್ಕೆ ಕೆಡುವ ಸೀಲುಗಳನ್ನು ತೆಗೆಸಿ.

ಪ್ರವಾಸಿ ಬೋಟುಗಳಲ್ಲಿ ಕಾಣುವ ಸ್ಟರ್ನ್‌ಡ್ರೈವ್ ಬಗ್ಗೆಯೂ ಎರಡು ಮಾತು. 1959ರಲ್ಲಿ ವೋಲ್ವೋ ಪೆಂಟಾ ಮಾರುಕಟ್ಟೆಗೆ ತಂದ ಈ ಏರ್ಪಾಡಿನಲ್ಲಿ ಇಂಜಿನ್ ಬೋಟಿನ ಒಳಗೆ, ಗೇರು ಮತ್ತು ಫ್ಯಾನು ಹಿಂಬದಿಯ ಹಲಗೆಯ ಹೊರಗೆ. ನಡುವಿನ ಕೀಲನ್ನು ಮುಚ್ಚುವುದು ನಮ್ಮ ಗಾಯನ ಮಂಡಳಿಯ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್. ಅದು ಹರಿದರೆ ಮೊದಲು ಬೇರಿಂಗ್ ಹೋಗುತ್ತದೆ, ನಂತರ ಕಟ್ಟಿ ನಿಲ್ಲಿಸಿದ ಬೋಟು ರಾತ್ರಿಯಲ್ಲೇ ಮುಳುಗಲೂಬಹುದು. ಬಿರುಕು ಕಂಡ ದಿನವೇ ಬದಲಿಸಬೇಕು, ತೇಪೆ ಹಾಕುವ ವಸ್ತು ಅದಲ್ಲ.

ಇನ್ನು ಲೋಹದ ಪ್ರಶ್ನೆ. ನಾಡದೋಣಿಗೆ ಅಲ್ಯೂಮಿನಿಯಂ ಫ್ಯಾನೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಅದು ಅಗ್ಗ. ಬಂಡೆಗೆ ಬಡಿದರೆ ತಾನು ಬಾಗಿ ಪೆಟ್ಟನ್ನು ನುಂಗುತ್ತದೆ. ಬಾಗಿದ್ದನ್ನು ಕಾಯಿಸಿ ಸರಿಪಡಿಸಬಹುದು. ಆದರೆ ಪದೇ ಪದೇ ಬಡಿದರೆ ಲೋಹ ಸೋಲುತ್ತದೆ. ಎಲೆಯ ಬುಡದಲ್ಲಿ ಬಿರುಕು ಬಂದದ್ದನ್ನು ಮತ್ತೆ ನೀರಿಗೆ ಇಳಿಸಬಾರದು. ಸ್ಟೇನ್‌ಲೆಸ್ ಸ್ಟೀಲ್ ಎಲೆ ತೆಳ್ಳಗಿದ್ದರೂ ಬಾಗುವುದಿಲ್ಲ, ಹೆಚ್ಚು ವೇಗ ಕೊಡುತ್ತದೆ. ಮರಳು, ಬಂಡೆ ಇರುವ ಅಳಿವೆಯಲ್ಲಿ ಆ ಗಟ್ಟಿತನವೇ ತೊಂದರೆ, ಪೆಟ್ಟೆಲ್ಲ ಗೇರಿಗೆ ಹೋಗುತ್ತದೆ.

ಟ್ರಾಲ್ ಬೋಟುಗಳ ದೊಡ್ಡ ಫ್ಯಾನಿಗೆ ಕಂಚೇ ಸರಿ. ಆದರೆ ಕಂಚಿನಲ್ಲೂ ಜಾತಿಯಿದೆ. ಮ್ಯಾಂಗನೀಸ್ ಕಂಚು ಹೆಸರಿಗೆ ಕಂಚು, ವಾಸ್ತವದಲ್ಲಿ ಹಿತ್ತಾಳೆ. ಅದರಲ್ಲಿ ಸುಮಾರು 40 ಶೇಕಡಾ ಸತು. ಉಪ್ಪುನೀರು ಆ ಸತುವನ್ನು ತಿಂದು ಹಾಕಿದರೆ ಅಲ್ಲಲ್ಲಿ ಗುಲಾಬಿ ಬಣ್ಣದ ಕಲೆ ಕಾಣುತ್ತದೆ, ತಟ್ಟಿದರೆ ಗಂಟೆಯ ನಾದದ ಬದಲು ಮಂಕಾದ ಸದ್ದು. ನಿಕಲ್ ಅಲ್ಯೂಮಿನಿಯಂ ಕಂಚಿಗೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಅಲ್ಯೂಮಿನಿಯಂ ಗೇರು ಪೆಟ್ಟಿಗೆಯ ಔಟ್‌ಬೋರ್ಡಿಗೆ ಮಾತ್ರ ಕಂಚಿನ ಫ್ಯಾನು ಬೇಡ. ಉಪ್ಪುನೀರಿನಲ್ಲಿ ಈ ಎರಡು ಲೋಹ ಕೂಡಿದರೆ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಕರಗುತ್ತದೆ. ಗೇರು ಪೆಟ್ಟಿಗೆಗೆ ಕೂರಿಸಿದ ಸತುವಿನ ತುಂಡು ಇರುವುದು ತಾನು ಕರಗಿ ಉಳಿದದ್ದನ್ನು ಕಾಪಾಡುವುದಕ್ಕೆ. ಅದಕ್ಕೂ ಸೇರಿಸಿ ಚೆಂದಕ್ಕೆ ಪೇಂಟ್ ಬಳಿಯುವವರಿದ್ದಾರೆ. ಬಳಿದರೆ ಅದು ಕೆಲಸ ಮಾಡುವುದಿಲ್ಲ. ಅರ್ಧ ಕರಗಿದಾಗ ಹೊಸದು ಹಾಕಿ.

ಅಂಗಡಿಯಲ್ಲಿ ಫ್ಯಾನಿನ ಮೇಲೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಅಗಲ. ಎರಡನೆಯದು ಪಿಚ್, ಎಂದರೆ ಮರದೊಳಗೆ ಸ್ಕ್ರೂ ಇಳಿದಂತೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸಾಗಬೇಕು ಎಂಬ ಲೆಕ್ಕ. ಬಲೆ, ಮಂಜುಗಡ್ಡೆ, ಜನ ತುಂಬಿದ ದೋಣಿಗೆ ಕಡಿಮೆ ಪಿಚ್ ಬೇಕು. ಒಂದು ಇಂಚು ಇಳಿಸಿದರೆ ಇಂಜಿನ್ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ಹೆಚ್ಚು ತಿರುಗುತ್ತದೆ. ಪೂರ್ತಿ ಭಾರದಲ್ಲಿ ಇಂಜಿನ್ ಏದುಸಿರು ಬಿಡುತ್ತಿದ್ದರೆ ದೋಷ ಇಂಜಿನಿನದ್ದಲ್ಲ, ಫ್ಯಾನಿನದ್ದಿರಬಹುದು.

ತಾಂಡೇಲರು ದೋಣಿಯಲ್ಲಿ ಒಂದು ಹೆಚ್ಚುವರಿ ಫ್ಯಾನು, ನಾಲ್ಕಾರು ಪಿನ್ನು, ಅಳತೆಗೆ ತಕ್ಕ ಸ್ಪ್ಯಾನರ್ ಮತ್ತು ಹಗ್ಗ ಕಟ್ಟಿದ ಲಂಗರನ್ನು ಇಟ್ಟುಕೊಂಡಿರಲಿ. ಫ್ಯಾನು ನಿಂತ ಕೂಡಲೇ ಮೊದಲು ಲಂಗರು ಹಾಕಿ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ನಿಲ್ಲಿಸಬೇಕು, ಪಿನ್ನು ಹುಡುಕುವುದು ಆಮೇಲೆ. ಲೈಫ್ ಜಾಕೆಟ್ ದಡದಲ್ಲೇ ಧರಿಸಿರಬೇಕು.