ರಕ್ತ ಬೆವರಿದ ಶಿಲುಬೆಯ ಬೆಟ್ಟ

ಚೆನ್ನೈ ವಿಮಾನ ನಿಲ್ದಾಣದ ಹತ್ತಿರವೇ ಸುಮಾರು 300 ಅಡಿ ಎತ್ತರದ ಗುಡ್ಡವೊಂದಿದೆ. ತಮಿಳರಿಗೆ ಅದು ಪರಂಗಿಮಲೈ, ಕ್ರೈಸ್ತರಿಗೆ ಸಂತ ಥಾಮಸರ ಬೆಟ್ಟ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರಾದ ಥಾಮಸರು ಕ್ರಿ.ಶ. 72ರಲ್ಲಿ ಇಲ್ಲಿಯೇ ಹುತಾತ್ಮರಾದರು ಎಂಬುದು ಪರಂಪರೆಯ ನಂಬಿಕೆ.

ಬೆಟ್ಟದ ಮೇಲೆ ಚರ್ಚ್ ಕಟ್ಟಿದವರು ಪೋರ್ಚುಗೀಸರು. 1547ರಲ್ಲಿ ನೆಲ ಅಗೆಯುವಾಗ ಪಹ್ಲವಿ ಲಿಪಿಯ ಬರಹವಿದ್ದ ಕಲ್ಲಿನ ಶಿಲುಬೆ ಸಿಕ್ಕಿತು. ಪಹ್ಲವಿ ಎಂದರೆ ಪ್ರಾಚೀನ ಪರ್ಷಿಯಾದ ಲಿಪಿ. 1558ರ ಡಿಸೆಂಬರ್ 18ರಂದು ಪೂಜೆ ನಡೆಯುತ್ತಿದ್ದಾಗ ಈ ಶಿಲುಬೆ ರಕ್ತ ಬೆವರಿತೆಂಬ ಪ್ರತೀತಿಯಿದೆ. ಅಂತಹ ಪವಾಡ ಕಡೆಯದಾಗಿ ನಡೆದದ್ದು 1704ರಲ್ಲಂತೆ. ಡಿಸೆಂಬರ್ 18 ಇಂದಿಗೂ ಇಲ್ಲಿ ವಿಶೇಷ ದಿನ.

ಭಕ್ತರು ಹತ್ತುವ ಮೆಟ್ಟಿಲುಗಳನ್ನು ಕಟ್ಟಿಸಿದ್ದು 18ನೇ ಶತಮಾನದ ಆರ್ಮೇನಿಯನ್ ವರ್ತಕ ಪೆಟ್ರಸ್ ಉಸ್ಕಾನ್. ಊರಿನಿಂದ ಬರುವವರಿಗೆ ಅನುಕೂಲವಾಗಲೆಂದು ಅಡ್ಯಾರ್ ನದಿಗೆ ಸೇತುವೆಯನ್ನೂ ಅವರೇ ಕಟ್ಟಿಸಿದರು.

1986ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇಲ್ಲಿಗೆ ಭೇಟಿ ನೀಡಿದ್ದರು.

ಭೂಮಾಪನದ ಚರಿತ್ರೆಯಲ್ಲೂ ಈ ಬೆಟ್ಟಕ್ಕೆ ಜಾಗವಿದೆ. 1799ರ ಶ್ರೀರಂಗಪಟ್ಟಣ ಯುದ್ಧದಲ್ಲಿ ಕಾದಿದ್ದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್, 1802ರ ಏಪ್ರಿಲ್ 10ರಂದು ಇದರ ಬಳಿಯೇ ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆಯ, ಅಂದರೆ ಭೂಮಾಪನದ ಲೆಕ್ಕಗಳಿಗೆ ಬುನಾದಿಯಾಗುವ ಗೆರೆಯ, ಅಳತೆ ಶುರುಮಾಡಿದರು. ಎರಡು ವರ್ಷಗಳ ಬಳಿಕ ಬೆಂಗಳೂರಿನಲ್ಲೂ ಅಂಥದ್ದೇ ರೇಖೆಯನ್ನು ಅಳೆಯಲಾಯಿತು.