ದೀಪ ಆರಿದ ಮೇಲಿನ ಶ್ರುತಿ

ಆಸ್ಟ್ರಿಯಾದ ಸಂಗೀತ ರಚನಕಾರ ಗೇಯಾರ್ಗ್ ಫ್ರೀಡ್ರಿಕ್ ಹಾಸ್ ಅವರು 2000ರಲ್ಲಿ ಇಪ್ಪತ್ತನಾಲ್ಕು ವಾದ್ಯಗಳ ಮೇಳಕ್ಕಾಗಿ ರಚಿಸಿದ ‘ಇನ್ ವೇನ್’, ಅಂದರೆ ‘ವ್ಯರ್ಥವಾಗಿ’, ಒಂದು ಗಂಟೆಗೂ ಮೀರಿ ನಡೆಯುವ ಕೃತಿಯಾಗಿದ್ದು, ಸಭಾಂಗಣದ ಬೆಳಕು ಎಲ್ಲಿ ಕುಗ್ಗಬೇಕು, ಎಲ್ಲಿ ಪೂರ್ತಿ ಆರಬೇಕು ಎಂಬುದನ್ನೂ ಅದರ ಸ್ವರಲಿಪಿಯೇ ನಿರ್ಧರಿಸುತ್ತದೆ.

ಎರಡು ಬಾರಿ ಕವಿಯುವ ಈ ಕಗ್ಗತ್ತಲೆಯಲ್ಲಿ ವಾದಕರಿಗೆ ಮುಂದಿನ ಹಾಳೆಯೂ ನಿರ್ದೇಶಕರ ಕೈಯೂ ಕಾಣಿಸುವುದಿಲ್ಲ. ಹಾಳೆಯ ಹಂಗಿಲ್ಲದೆ ನಡೆಯುವ ಕರ್ನಾಟಕ ಸಂಗೀತದ ಕಛೇರಿಗೆ ಒಗ್ಗಿದವರಿಗೆ ಇದು ದೊಡ್ಡ ಸಾಹಸವೆನಿಸದಿರಬಹುದು. ಆದರೆ ಬರೆದದ್ದನ್ನು ನೋಡಿಯೇ ನುಡಿಸುವ ಐರೋಪ್ಯ ಮೇಳದಲ್ಲಿ ದೀಪ ಆರಿಸುವುದೆಂದರೆ ಕಲಾವಿದರ ಕೈಯಿಂದ ಊರುಗೋಲನ್ನೇ ಕಸಿದುಕೊಂಡಂತೆ. ಅವರು ಆ ಭಾಗಗಳನ್ನು ಬಾಯಿಪಾಠ ಮಾಡಿಕೊಂಡು, ತಾಳದ ಸನ್ನೆಗೆ ಬದಲು ಪಕ್ಕದವರ ನಾದಕ್ಕೆ ಕಿವಿಗೊಟ್ಟು ಮುಂದುವರಿಯುತ್ತಾರೆ. ಇದನ್ನು ರಂಗತಂತ್ರವೆಂದು ತಳ್ಳಿಹಾಕುವ ಮೊದಲು ಆ ಕತ್ತಲಲ್ಲಿ ಅರಳುವ ಶ್ರುತಿಯನ್ನು ಗಮನಿಸಬೇಕು.

ತಂಬೂರಿಯ ಮಂದ್ರ ತಂತಿಯನ್ನು ಮೀಟಿದಾಗ, ಯಾರೂ ನುಡಿಸದ ಗಾಂಧಾರವೊಂದು ತಾನಾಗಿ ಕೇಳಿಬರುತ್ತದೆ. ಸ್ವಯಂಭೂ ಗಾಂಧಾರವೆಂದು ಕರೆಯಲಾಗುವ ಇದು ಮೂಲನಾದದ ಐದನೆಯ ಉಪಸ್ವರ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಪಿಯಾನೊದಲ್ಲಿ ಇದೇ ಗಾಂಧಾರವು ಸುಮಾರು 14 ಸೆಂಟ್ ಏರಿರುತ್ತದೆ (ಸೆಂಟ್ ಎಂದರೆ ಸ್ಥಾಯಿಯ 1200ನೆಯ ಒಂದು ಪಾಲು). ಏಳನೆಯ ಉಪಸ್ವರವಂತೂ ತನಗೆ ಹತ್ತಿರದ ಪಿಯಾನೊ ನಿಷಾದಕ್ಕಿಂತ 31 ಸೆಂಟ್ ಕೆಳಗಿದ್ದು, ಹನ್ನೊಂದನೆಯದು ಎರಡು ಕೀಲಿಗಳ ನಡುವೆ, ಹೆಚ್ಚುಕಡಿಮೆ ನಟ್ಟನಡುವೆಯೇ, ಬಿದ್ದುಹೋಗುತ್ತದೆ. ಹಾಸ್ ಈ ‘ಅಪಸ್ವರ’ಗಳನ್ನೇ ಒಂದರ ಮೇಲೊಂದು ಪೇರಿಸಿ ಕಟ್ಟುವ ನಾದರಾಶಿಯು, ಪಿಯಾನೊ ಸ್ವರಗಳಲ್ಲಿ ಜಾರಿ ಇಳಿಯುವ ಆರಂಭದ ಸರಣಿಗಳ ಎದುರಿಗೆ, ಇಡೀ ಮೇಳವೇ ಒಂದು ಬೃಹತ್ ತಂಬೂರಿಯಾದಂತೆ ಕೇಳಿಸುತ್ತದೆ.

1953ರಲ್ಲಿ ಗ್ರಾಟ್ಸ್‌ನಲ್ಲಿ ಜನಿಸಿದ ಹಾಸ್, 2000ದ ಫೆಬ್ರವರಿಯಲ್ಲಿ ಆಸ್ಟ್ರಿಯಾದ ತೀವ್ರ ಬಲಪಂಥೀಯ ಫ್ರೀಡಂ ಪಕ್ಷವು ಸರ್ಕಾರದಲ್ಲಿ ಪಾಲುದಾರನಾದುದಕ್ಕೆ ತೋರಿದ ಪ್ರತಿಕ್ರಿಯೆಯಾಗಿ ಈ ಕೃತಿಯನ್ನು ವಿವರಿಸಲಾಗುತ್ತದೆ. ಅದೇ ವರ್ಷ ಕ್ಲಾಂಗ್‌ಫೋರಂ ವೀನ್ ಮೇಳವು ಸಿಲ್ವೆಂ ಕಾಂಬ್ರೆಲಿಂಗ್ ಅವರ ನಿರ್ದೇಶನದಲ್ಲಿ ಇದನ್ನು ಕಲೋನ್‌ನಲ್ಲಿ ಮೊದಲ ಬಾರಿಗೆ ನುಡಿಸಿತು. ಶೀರ್ಷಿಕೆಯ ನೆರವಿಲ್ಲದೆ ನಾದವೊಂದೇ ಪಕ್ಷರಾಜಕಾರಣವನ್ನು ಹೇಳಬಲ್ಲದೆಂಬ ವಾದವನ್ನು ಸುಲಭವಾಗಿ ಒಪ್ಪಲಾಗದು. ಆದರೂ ಕೊನೆಯ ಭಾಗದಲ್ಲಿ, ಅಷ್ಟು ಶ್ರಮದಿಂದ ಕೂಡಿಬಂದ ಶ್ರುತಿಯೆಲ್ಲ ಕರಗಿ, ಹಿಂದೆಯೇ ದಾಟಿ ಬಂದಿದ್ದ ಆ ಇಳಿಜಾರಿನ ಸರಣಿಗಳು ಮತ್ತೆ ಸುತ್ತತೊಡಗಿದಾಗ, ಆ ಶಂಕೆ ಸ್ವಲ್ಪ ಸಡಿಲಗೊಳ್ಳುತ್ತದೆ.