ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರ ಶಿಬಿರಜೀವನ

ಅಮೆರಿಕದ ಅಂತರ್ಯುದ್ಧವು (1861–1865) ಉತ್ತರದ ಒಕ್ಕೂಟ ಸರ್ಕಾರಕ್ಕೂ ಅದರಿಂದ ಬೇರ್ಪಟ್ಟ ದಕ್ಷಿಣದ ಗುಲಾಮಗಿರಿಯ ರಾಜ್ಯಗಳಿಗೂ ನಡುವೆ ನಡೆಯಿತು. ದಕ್ಷಿಣದ ಕೂಟಕ್ಕೆ ಕಾನ್ಫೆಡರಸಿ ಎಂದು ಹೆಸರು. ಪಠ್ಯಪುಸ್ತಕಗಳಲ್ಲಿ ಈ ಯುದ್ಧವು ಕದನಗಳ ಮತ್ತು ಅಬ್ರಹಾಂ ಲಿಂಕನ್ನರ ಕಥೆಯಾಗಿಯೇ ಬರುವುದು ವಾಡಿಕೆ. ವಾಸ್ತವದಲ್ಲಿ ಸಾಮಾನ್ಯ ಸೈನಿಕನು ಕದನದಲ್ಲಿ ಕಳೆದದ್ದು ಕೆಲವೇ ದಿನಗಳು. ಉಳಿದ ಕಾಲವೆಲ್ಲ ಶಿಬಿರದಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಸವೆಯಿತು. ಬಹುಪಾಲು ಸೈನಿಕರಿಗೆ ಓದುಬರಹ ಬರುತ್ತಿದ್ದುದರಿಂದ ಅವರು ಮನೆಗೆ ಬರೆದ ಪತ್ರಗಳು ಅಪಾರ ಸಂಖ್ಯೆಯಲ್ಲಿ ಉಳಿದಿವೆ. ಇಂತಹ ಪತ್ರಗಳನ್ನು ಓದಿ ಇತಿಹಾಸಕಾರ ಬೆಲ್ ಅರ್ವಿನ್ ವೈಲಿ ಅವರು ದಕ್ಷಿಣದ ಸೈನಿಕನ ಕುರಿತು 'ದಿ ಲೈಫ್ ಆಫ್ ಜಾನಿ ರೆಬ್' (1943), ಉತ್ತರದ ಸೈನಿಕನ ಕುರಿತು 'ದಿ ಲೈಫ್ ಆಫ್ ಬಿಲ್ಲಿ ಯಾಂಕ್' (1952) ಎಂಬ ಗ್ರಂಥಗಳನ್ನು ರಚಿಸಿದರು.

ವಸತಿ ಮತ್ತು ಆಹಾರ

ಸಂಚಾರದ ಕಾಲದಲ್ಲಿ ಒಕ್ಕೂಟದ ಸೈನಿಕರು ಇಬ್ಬಿಬ್ಬರಾಗಿ ಚಿಕ್ಕ ಡೇರೆಗಳಲ್ಲಿ ಮಲಗುತ್ತಿದ್ದರು. ಡೇರೆಯ ಅರ್ಧ ಬಟ್ಟೆಯನ್ನು ಒಬ್ಬನು, ಉಳಿದರ್ಧವನ್ನು ಮತ್ತೊಬ್ಬನು ಹೊತ್ತು ನಡೆದು, ರಾತ್ರಿ ಎರಡನ್ನೂ ಗುಂಡಿ ಹಾಕಿ ಜೋಡಿಸಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಕದನಗಳು ವಿರಳವಾಗುತ್ತಿದ್ದುದರಿಂದ ಮರದ ದಿಮ್ಮಿಗಳ ಗುಡಿಸಲು ಕಟ್ಟಿ, ಸಂದುಗಳಿಗೆ ಮಣ್ಣು ಮೆತ್ತಿ ಅಲ್ಲಿಯೇ ತಿಂಗಳುಗಟ್ಟಲೆ ನೆಲೆಸುತ್ತಿದ್ದರು. ದಿನದಲ್ಲಿ ಹಲವು ಬಾರಿ ಕವಾಯತು, ಸೌದೆ ಕಡಿಯುವುದು, ನೀರು ಹೊರುವುದು, ಕಾವಲು ಇವೇ ಕೆಲಸಗಳು.

ಒಕ್ಕೂಟದ ಸೈನಿಕನ ಆಹಾರ ಹಿಟ್ಟು ಮತ್ತು ನೀರಿನಿಂದ ಮಾಡಿದ ಹಾರ್ಡ್‌ಟ್ಯಾಕ್ ಎಂಬ ಕಲ್ಲಿನಂತಹ ಬಿಸ್ಕತ್ತು, ಉಪ್ಪುಹಾಕಿದ ಹಂದಿಮಾಂಸ ಮತ್ತು ಕಾಫಿ. ಬಿಸ್ಕತ್ತಿನಲ್ಲಿ ಹುಳುಗಳಿರುವುದು ಸಾಮಾನ್ಯವಾಗಿತ್ತು. ಕಾಫಿಯಲ್ಲಿ ನೆನೆಸಿದರೆ ಅವು ಮೇಲೆ ತೇಲುತ್ತಿದ್ದವು. ದಕ್ಷಿಣದವರಿಗೆ ಮೆಕ್ಕೆಜೋಳದ ಹಿಟ್ಟೇ ಗತಿ. ಬಂದರುಗಳ ದಿಗ್ಬಂಧನದಿಂದ ಅವರಿಗೆ ಕಾಫಿ ದುರ್ಲಭವಾಗಿ, ಹುರಿದ ಧಾನ್ಯ, ಚಿಕೋರಿಗಳ ಕಷಾಯ ಕುಡಿಯುತ್ತಿದ್ದರು.

ಯುದ್ಧದಲ್ಲಿ ಸತ್ತವರ ಸಂಖ್ಯೆ ಸುಮಾರು 6,20,000 ಎಂಬುದು ಬಹುಕಾಲದ ಅಂದಾಜು. ಇತ್ತೀಚಿನ ಲೆಕ್ಕಾಚಾರಗಳು ಇದನ್ನು 7,50,000ದವರೆಗೆ ಏರಿಸಿವೆ. ಇವರಲ್ಲಿ ಸುಮಾರು ಮೂರನೆಯ ಎರಡು ಭಾಗದ ಜನ ಮಡಿದದ್ದು ಗುಂಡಿನಿಂದಲ್ಲ, ಭೇದಿ, ವಿಷಮಶೀತಜ್ವರ, ದಡಾರ ಮೊದಲಾದ ರೋಗಗಳಿಂದ. ಶಿಬಿರದ ಕೊಳಕು ನೀರು ಮತ್ತು ಬಳಿಯಲ್ಲೇ ಇದ್ದ ಶೌಚದ ಗುಂಡಿಗಳು ಇದಕ್ಕೆ ಮುಖ್ಯ ಕಾರಣ.

ಮನೆಯೊಡನೆ ಸಂಪರ್ಕ

ಒಕ್ಕೂಟದಲ್ಲಿ ಸಾಮಾನ್ಯ ಪತ್ರದ ಅಂಚೆವೆಚ್ಚ 3 ಸೆಂಟು. ಚೀಟಿ ಕೊಳ್ಳಲಾಗದ ಸೈನಿಕನು 'ಸೈನಿಕನ ಪತ್ರ' ಎಂದು ಲಕೋಟೆಯ ಮೇಲೆ ಬರೆಸಿ ಕಳುಹಿಸಬಹುದಾಗಿತ್ತು. ಹಣವನ್ನು ಮನೆಯವರು ತೆರುತ್ತಿದ್ದರು. ದಕ್ಷಿಣದಲ್ಲಿ ಕಾಗದವೇ ಸಿಗದಾಯಿತು. ಬರೆದ ಹಾಳೆಯನ್ನೇ ಅಡ್ಡ ತಿರುಗಿಸಿ ಸಾಲುಗಳ ಮೇಲೆ ಸಾಲು ಬರೆದರು. ಬರೆಯಲಾಗದ ಗಾಯಾಳುಗಳ ಪರವಾಗಿ ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಪತ್ರ ಬರೆದುಕೊಟ್ಟವರಲ್ಲಿ ಕವಿ ವಾಲ್ಟ್ ವಿಟ್ಮನ್ ಒಬ್ಬರು.

ಪತ್ರಗಳಲ್ಲಿ ವೀರಾವೇಶಕ್ಕಿಂತ ಬೆಳೆ, ಸಾಲ, ದನಕರು, ಮಕ್ಕಳ ಆರೋಗ್ಯದ ವಿಚಾರಗಳೇ ಹೆಚ್ಚು. ಒಕ್ಕೂಟದ ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 13 ಡಾಲರ್, ದಕ್ಷಿಣದವನದು 11 ಡಾಲರ್. ಅದೂ ಅನೇಕ ವೇಳೆ ತಿಂಗಳುಗಟ್ಟಲೆ ತಡವಾಗುತ್ತಿತ್ತು. ದಕ್ಷಿಣದಲ್ಲಿ ಬೆಲೆಗಳು ಏರಿ ಸಂಬಳಕ್ಕೆ ಬೆಲೆಯೇ ಇಲ್ಲದಾದಾಗ, ಮಕ್ಕಳು ಹಸಿದಿದ್ದಾರೆಂಬ ಹೆಂಡತಿಯ ಪತ್ರ ಓದಿ ಸೈನ್ಯ ತೊರೆದವರು ಹಲವರು. ಅವರನ್ನು ಬರಿಯ ಹೇಡಿಗಳೆಂದು ಬಗೆಯುವುದು ನ್ಯಾಯವಾಗದು.

ಒಕ್ಕೂಟದ ಸೈನ್ಯ ಸೇರಿದ ಸುಮಾರು 1,80,000 ಕಪ್ಪು ಸೈನಿಕರ ಪಾಡು ಬೇರೆಯೇ. ಮೊದಲು ಅವರ ಸಂಬಳ 10 ಡಾಲರ್. ಅದರಲ್ಲೂ 3 ಡಾಲರ್ ಬಟ್ಟೆಗೆಂದು ಕಡಿತ. ಸಮಾನ ವೇತನದ ಕಾನೂನು ಬಂದದ್ದು 1864ರ ಜೂನ್‌ನಲ್ಲಿ. ಇವರಲ್ಲಿ ಅನೇಕರ ಹೆಂಡತಿ ಮಕ್ಕಳು ಇನ್ನೂ ಗುಲಾಮರಾಗಿದ್ದರು. ಮಿಸೌರಿಯ ಸ್ಪಾಟ್ಸ್‌ವುಡ್ ರೈಸ್ ಎಂಬ ಸೈನಿಕನು 1864ರ ಸೆಪ್ಟೆಂಬರ್‌ನಲ್ಲಿ, ಗುಲಾಮಗಿರಿಯಲ್ಲೇ ಇದ್ದ ತನ್ನ ಹೆಣ್ಣುಮಕ್ಕಳಿಗೆ ಬಿಡಿಸಿಕೊಳ್ಳಲು ಬರುವೆನೆಂದು ಪತ್ರ ಬರೆದನು. ಇಂತಹ ಸೈನಿಕರ ಹೆಂಡತಿ ಮಕ್ಕಳನ್ನು ಸ್ವತಂತ್ರರನ್ನಾಗಿಸುವ ಕಾನೂನು 1865ರ ಮಾರ್ಚ್‌ನಲ್ಲಿ ಜಾರಿಯಾಯಿತು.

ಸಾವಿನ ಸುದ್ದಿ

ಸೈನಿಕರಿಗೆ ಸರ್ಕಾರದಿಂದ ಗುರುತಿನ ಬಿಲ್ಲೆ ಇರಲಿಲ್ಲ. ಕೆಲವರು ಕದನಕ್ಕೆ ಮುನ್ನ ಹೆಸರು ಬರೆದ ಚೀಟಿಯನ್ನು ಕೋಟಿಗೆ ಹಚ್ಚಿಕೊಳ್ಳುತ್ತಿದ್ದರು. 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಗುರುತಿಲ್ಲದ ಒಬ್ಬ ಒಕ್ಕೂಟ ಸೈನಿಕನ ಶವದ ಬಳಿ ಮೂವರು ಮಕ್ಕಳ ಭಾವಚಿತ್ರ ದೊರೆಯಿತು. ಆಗ ಪತ್ರಿಕೆಗಳಲ್ಲಿ ಛಾಯಾಚಿತ್ರ ಮುದ್ರಿಸಲಾಗುತ್ತಿರಲಿಲ್ಲ. ಆದ್ದರಿಂದ ಮಕ್ಕಳ ವರ್ಣನೆಯನ್ನಷ್ಟೇ ಪ್ರಕಟಿಸಿದರು: ನಡುವೆ ಕಿರಿಯ ಮಗ, ಎರಡು ಪಕ್ಕದಲ್ಲಿ ಅಣ್ಣ ಮತ್ತು ಅಕ್ಕ, ಅಣ್ಣನ ಅಂಗಿಯೂ ಅಕ್ಕನ ಉಡುಪೂ ಒಂದೇ ಬಟ್ಟೆಯದು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್‌ನಲ್ಲಿದ್ದ ಫಿಲಿಂಡಾ ಹ್ಯೂಮಿಸ್ಟನ್ ಅಂತಹ ಚಿತ್ರವನ್ನು ಗಂಡನಿಗೆ ಕಳುಹಿಸಿದ್ದಳು. ಚಿತ್ರದ ಪ್ರತಿಯನ್ನು ತರಿಸಿ ನೋಡಿದಾಗ ಸತ್ತವನು ತನ್ನ ಗಂಡ, ಸಾರ್ಜೆಂಟ್ ಅಮೋಸ್ ಹ್ಯೂಮಿಸ್ಟನ್ ಎಂದು ಖಚಿತವಾಯಿತು. ಈ ಪ್ರಕರಣದಿಂದ ಮೂಡಿದ ಜನರ ಕನಿಕರದ ಫಲವಾಗಿ 1866ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಸೈನಿಕರ ಅನಾಥ ಮಕ್ಕಳಿಗಾಗಿ ಆಶ್ರಮ ತೆರೆಯಿತು. ಫಿಲಿಂಡಾ ತನ್ನ ಮೂವರು ಮಕ್ಕಳೊಡನೆ ಕೆಲವು ಕಾಲ ಅಲ್ಲಿಯೇ ವಾಸಿಸಿದಳು.